ಅಂಗಡಿ ಕಟ್ಟೆಯಲ್ಲಿ ಕೇಳುವ ಪ್ರಶ್ನೆ



1963ರ ಮಾರ್ಚ್ ತಿಂಗಳು. ಅಮೆರಿಕದ ಡಲ್ಲಾಸ್ ನಗರದ ಯುವಕನೊಬ್ಬ ಪತ್ರಿಕೆಯ ಜಾಹೀರಾತಿನಿಂದ ಕೂಪನ್ ಕತ್ತರಿಸಿ, ಎ. ಹಿಡೆಲ್ ಎಂಬ ಸುಳ್ಳು ಹೆಸರು ಬರೆದು, 21 ಡಾಲರ್ 45 ಸೆಂಟ್‌ಗಳ ಮನಿ ಆರ್ಡರ್ ಜೊತೆಗಿಟ್ಟು ಷಿಕಾಗೋದ ಅಂಗಡಿಯೊಂದಕ್ಕೆ ಕಳಿಸಿದ. ದುರ್ಬೀನು ಕೂಡಿಸಿದ ಇಟಲಿಯ ಹಳೆಯ ರೈಫಲ್ ಅಂಚೆಯಲ್ಲೇ ಬಂತು. ನೀನು ಯಾರೆಂದು ಯಾರೂ ಕೇಳಲಿಲ್ಲ. ಆತನೇ ಲೀ ಹಾರ್ವೆ ಆಸ್ವಾಲ್ಡ್. ನವೆಂಬರ್ 22ರಂದು ಅಧ್ಯಕ್ಷ ಕೆನೆಡಿ ಅದೇ ರೈಫಲ್‌ಗೆ ಬಲಿಯಾದರು.

ಆಗಲೂ ಕಾನೂನು ಬರಲಿಲ್ಲ. ಐದು ವರ್ಷಗಳ ನಂತರ ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನೆಡಿ ಇಬ್ಬರೂ ಗುಂಡಿಗೆ ಬಲಿಯಾದ ಮೇಲೆಯೇ 1968ರ ಬಂದೂಕು ನಿಯಂತ್ರಣ ಕಾಯ್ದೆ ಬಂದದ್ದು. ಅಂಚೆ ವ್ಯಾಪಾರಕ್ಕೆ ಕಡಿವಾಣ ಬಿತ್ತು. ಪರವಾನಗಿ ಪಡೆದ ವ್ಯಾಪಾರಿ ಗಿರಾಕಿಯ ಗುರುತು ನೋಡಿ ದಾಖಲೆ ಇಡಬೇಕಾಯಿತು. ಆದರೆ ಸ್ವಂತ ಬಂದೂಕು ಮಾರುವ ಖಾಸಗಿ ವ್ಯಕ್ತಿಗೆ ಈ ಹೊಣೆ ಬರಲಿಲ್ಲ. ನಮ್ಮ 1959ರ ಆಯುಧ ಕಾಯ್ದೆ ಹಾಗಲ್ಲ. ಇಲ್ಲಿ ಕೊಳ್ಳುವವನಿಗೆ ಲೈಸೆನ್ಸ್ ಬೇಕು. ಮಾರುವವನು ಜಿಲ್ಲಾ ದಂಡಾಧಿಕಾರಿಗೋ ಪೊಲೀಸ್ ಠಾಣೆಗೋ ಮೊದಲೇ ಬರೆದು ತಿಳಿಸಿ 45 ದಿನ ಕಾಯಬೇಕು.

ಅಮೆರಿಕದ ಅಂಗಡಿಯಲ್ಲಾದರೂ ಏನು? ಆಗೆಲ್ಲ ಅರ್ಜಿಯಲ್ಲಿ ಗಿರಾಕಿ ಬರೆದದ್ದೇ ನಿಜವಾಗಿತ್ತು. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿದಾಗ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ತಲೆಗೆ ಏಟು ಬಿದ್ದು ಜೀವನಪೂರ್ತಿ ಗಾಲಿಕುರ್ಚಿ ಹಿಡಿದರು. ಅವರ ಪತ್ನಿ ಸಾರಾ ವರ್ಷಗಟ್ಟಲೆ ಹೋರಾಡಿ 1993ರಲ್ಲಿ ಬ್ರೇಡಿ ಕಾಯ್ದೆ ತರಿಸಿದರು. ಆ ಹೆಣ್ಣುಮಗಳ ಛಲಕ್ಕೆ ಕೈಮುಗಿಯಬೇಕು. 1998ರಿಂದ ವ್ಯಾಪಾರಿ ಕೇಂದ್ರದ ದಾಖಲೆಗಳಲ್ಲಿ ಗಿರಾಕಿಯ ಹಿನ್ನೆಲೆ ವಿಚಾರಿಸುವ ವ್ಯವಸ್ಥೆ ಬಂತು. ಅದೂ ಪರವಾನಗಿ ಉಳ್ಳವರಿಗೆ ಮಾತ್ರ.

ಮರುವರ್ಷವೇ ಕೊಲೊರಾಡೋದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು 12 ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ಅವರ ನಾಲ್ಕು ಬಂದೂಕುಗಳಲ್ಲಿ ಮೂರನ್ನು 18 ತುಂಬಿದ ಗೆಳತಿಯೊಬ್ಬಳು ಬಂದೂಕು ಸಂತೆಯಲ್ಲಿ ಖಾಸಗಿ ಮಾರಾಟಗಾರರಿಂದ ಕೊಂಡುಕೊಟ್ಟಿದ್ದಳು. ಹಿನ್ನೆಲೆ ತಪಾಸಣೆ ಇದ್ದಿದ್ದರೆ ಕೊಳ್ಳುತ್ತಿರಲಿಲ್ಲವೆಂದು ಆಮೇಲೆ ಆಕೆಯೇ ಹೇಳಿದಳು. 2000ದಲ್ಲಿ ಆ ರಾಜ್ಯದ ಜನ ಮತ ಹಾಕಿ ಸಂತೆಯ ವ್ಯಾಪಾರಕ್ಕೂ ತಪಾಸಣೆ ತಂದರು.

ದೇಶದ ಮಟ್ಟದಲ್ಲಿ ಅದು ಆಗಲಿಲ್ಲ. ಸ್ಯಾಂಡಿ ಹುಕ್ ಎಂಬ ಶಾಲೆಯಲ್ಲಿ 20 ಎಳೆಯ ಮಕ್ಕಳು ಗುಂಡಿಗೆ ಬಲಿಯಾದ ನಂತರ, 2013ರಲ್ಲಿ, ಸಂತೆಯ ಹಾಗೂ ಅಂತರಜಾಲ ಜಾಹೀರಾತಿನ ಮಾರಾಟಕ್ಕೂ ತಪಾಸಣೆ ಬೇಕೆಂಬ ಪ್ರಸ್ತಾಪಕ್ಕೆ ಸೆನೆಟ್‌ನಲ್ಲಿ 54 ಮತ ಬಿತ್ತು; ಬೇಕಿದ್ದದ್ದು 60. ಪ್ರಾಮಾಣಿಕನಿಗೆ ತೊಂದರೆಯೆಂಬುದು ವಿರೋಧಿಗಳ ವಾದ. ತಪಾಸಣೆಯ ಫೋನ್ ಕರೆಯೊಂದರ ತೊಂದರೆಯನ್ನು ಮಕ್ಕಳ ಜೀವದ ಎದುರು ತೂಗುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಎಷ್ಟೋ ಮನೆಗಳ ಮೊಮ್ಮಕ್ಕಳೂ ಇಂದು ಅಲ್ಲಿನ ಶಾಲೆಗಳಲ್ಲಿ ಓದುತ್ತಿದ್ದಾರೆ.

2022ರಲ್ಲಿ ಬಂದ ಕೇಂದ್ರದ ಕಾಯ್ದೆ, ಮುಖ್ಯವಾಗಿ ಲಾಭಕ್ಕೆಂದು ಮತ್ತೆ ಮತ್ತೆ ಮಾರುವವರೂ ಪರವಾನಗಿ ಪಡೆಯಬೇಕೆಂದು ಬಿಗಿಮಾಡಿತು. ಉಳಿದದ್ದು ರಾಜ್ಯಗಳ ಪಾಲು. ಕ್ಯಾಲಿಫೋರ್ನಿಯಾದಲ್ಲಿ ನೆರೆಯವನಿಗೆ ಮಾರುವ ಬಂದೂಕೂ ಪರವಾನಗಿಯ ಅಂಗಡಿ ಹಾದೇ ಹೋಗಬೇಕು. ಟೆಕ್ಸಾಸ್‌ನಲ್ಲಿ ಇಬ್ಬರು ನಿವಾಸಿಗಳ ನಡುವೆ ಅದು ಕೈಯಿಂದ ಕೈಗೆ ದಾಟಬಹುದು.