ಮಿದುಳಿನ ಶಾಸ್ತ್ರಕ್ಕೆ ಮನೆಮಾತಿನ ದಾರಿ

(ನಾರಾಯಣಗೂಡದಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮನಶ್ಶಾಸ್ತ್ರ ಹಾಗೂ ಮಿದುಳಿನ ವಿಜ್ಞಾನವನ್ನು ಓದಬಯಸುವ ಕನ್ನಡದ ವಿದ್ಯಾರ್ಥಿಗೆ ದಾರಿ ಯಾವುದು ಎಂಬ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ, ಇಂಥ ವಿಷಯಕ್ಕೆ ಸಭೆ ಸೇರೀತೇ ಎಂಬ ಸಂಶಯ ನನ್ನಲ್ಲಿತ್ತು. ನಾರಾಯಣಗೂಡದ ಚೌಕದಿಂದ ಹಿಮಾಯತನಗರದ ಕಡೆಗೆ ನಡೆದರೆ ಕೋಚಿಂಗ್ ಕೇಂದ್ರಗಳ ಫಲಕಗಳೇ ಕಣ್ಣಿಗೆ ರಾಚುತ್ತವೆ. ಅವುಗಳ ಪ್ರಕಾರ ಲೋಕದಲ್ಲಿ ಇರುವುದು ಎರಡೇ ವೃತ್ತಿ: ಒಂದು ಎಂಜಿನಿಯರಿಕೆ, ಇನ್ನೊಂದು ವೈದ್ಯಕೀಯ. ಇವೆರಡರಲ್ಲೂ ಸೀಟು ಸಿಗದವರು ಕೊನೆಗೆ ಹಿಡಿಯುವ ಜಾಡು ಮನಶ್ಶಾಸ್ತ್ರ ಎಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಬಲವಾಗಿದೆ. ಆದರೂ ಇಷ್ಟು ಜನ ಬಂದಿದ್ದೀರಿ. ಬಂದ ಕಾರಣ ಮಕ್ಕಳ ಭವಿಷ್ಯವೋ, ಸಂಘದ ಉಪ್ಪಿಟ್ಟೋ, ಎರಡೂ ಗೌರವಾರ್ಹವೇ.

ದಾರಿಯ ವಿವರಕ್ಕೆ ಹೋಗುವ ಮುನ್ನ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ತಾಯಿಯೊಬ್ಬರು ಕೆಲವು ತಿಂಗಳ ಹಿಂದೆ ನನಗೆ ಹೇಳಿದ ಮಾತನ್ನು ನಿಮ್ಮ ಮುಂದಿಡುತ್ತೇನೆ. "ಮನ್ಯಾಗ ಕನ್ನಡ ಮಾತಾಡೂದು ಬಿಟ್ಟೀವ್ರಿ ಸರ, ಹುಡುಗನ ತಲಿಗೆ ಭಾರ ಆಗ್ತದ ಅಂತ ಸಾಲ್ಯಾಗ ಹೇಳ್ಯಾರ" ಎಂದರು ಅವರು. ಯಾವ ಶಾಲೆ ಎಂಬುದು ಬೇಡ; ಈ ಉಪದೇಶ ಒಂದು ಶಾಲೆಯ ಸ್ವತ್ತೇನೂ ಅಲ್ಲ. ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. 'ತಲೆಗೆ ಭಾರ' ಎಂಬುದು ಮಿದುಳನ್ನು ಕುರಿತ ಹೇಳಿಕೆ. ಆದ್ದರಿಂದ ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಸಾಧ್ಯವಿದೆ. ಪರೀಕ್ಷೆ ನಡೆದಿರುವುದು ದೂರದ ದೇಶದಲ್ಲಿ ಮಾತ್ರವಲ್ಲ, ಈ ಸಭಾಂಗಣಕ್ಕೆ ಕೆಲವೇ ಮೈಲಿ ದೂರದ ಪಂಜಾಗುಟ್ಟದಲ್ಲಿಯೂ ಹೌದು. ಅಲ್ಲಿಗೆ ಆಮೇಲೆ ಬರುತ್ತೇನೆ.

ಕನ್ನಡ ನಾಡಿನಲ್ಲಿ ಈ ಶಾಸ್ತ್ರ ಹೇಗೆ ಬೇರೂರಿತು ಎಂಬುದನ್ನು ನೆನೆಯುವಾಗ ಒಬ್ಬ ವಿದ್ಯಾರ್ಥಿಯ ಕಥೆಯನ್ನೇ ಮೊದಲು ಹೇಳಬೇಕು. 1896ರಲ್ಲಿ ಜನಿಸಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿಗೆ ಹೋಗಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ಮನಶ್ಶಾಸ್ತ್ರಜ್ಞನ ಕೈಕೆಳಗೆ ಸಂಶೋಧನೆ ಮಾಡಿದರು. ಮನುಷ್ಯನ ನಾನಾ ಸಾಮರ್ಥ್ಯಗಳ ಹಿಂದೆ ಸಾಮಾನ್ಯವಾದ ಒಂದು ಬುದ್ಧಿಶಕ್ತಿ ಇದೆಯೆಂದು 1904ರಲ್ಲಿ ಲೆಕ್ಕಾಚಾರದ ಮೂಲಕ ವಾದಿಸಿದವನು ಆ ಸ್ಪಿಯರ್‌ಮನ್. ಗೋಪಾಲಸ್ವಾಮಿಯವರು ಎತ್ತಿಕೊಂಡ ಪ್ರಶ್ನೆ, ಕೈಕಾಲಿನ ಚಲನೆಯನ್ನು ಕಲಿಯುವುದರಲ್ಲಿ ಬುದ್ಧಿಶಕ್ತಿಯ ಪಾಲೆಷ್ಟು ಎಂಬುದು. ಆಗ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಸೀಲ್. 1905ರಷ್ಟು ಹಿಂದೆಯೇ ಕಲ್ಕತ್ತೆಗಾಗಿ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು ರೂಪಿಸಿದ್ದ ಮಹನೀಯರು ಅವರು. 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಗೋಪಾಲಸ್ವಾಮಿ. ಪ್ರಯೋಗಶಾಲೆಯಿಲ್ಲದ ಮನಶ್ಶಾಸ್ತ್ರವು ತತ್ತ್ವಶಾಸ್ತ್ರದ ಹಿತ್ತಲಾಗಿ ಉಳಿಯುತ್ತದೆ ಎಂಬುದನ್ನು ಗುರುಶಿಷ್ಯ ಪರಂಪರೆಯಿಂದಲೇ ಬಲ್ಲವರಾಗಿದ್ದರು ಅವರು.

ಇದೇ ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಲ್ಲಿಯೇ 30 ವ್ಯಾಟ್ ಸಾಮರ್ಥ್ಯದ ಪ್ರಸಾರ ಯಂತ್ರವನ್ನಿಟ್ಟು ಬಾನುಲಿ ಕೇಂದ್ರವನ್ನು ತೆರೆದರು; ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂತು. ಆ ಹೆಸರು ಮುಂದೆ ಇಡೀ ದೇಶದ್ದಾಯಿತು. ರೇಡಿಯೋ ಇಟ್ಟವರೆಂದು ನಮ್ಮವರು ಅವರನ್ನು ನೆನೆಯುತ್ತಾರೆ. ಮನಶ್ಶಾಸ್ತ್ರದ ಪ್ರಾಧ್ಯಾಪಕರೆಂದು ನೆನೆಯುವವರು ಕಡಿಮೆ. ನನಗೇನೋ ಇವೆರಡೂ ಒಂದೇ ಕುತೂಹಲದ ಎರಡು ಕವಲುಗಳಂತೆ ಕಾಣುತ್ತವೆ. ಮನುಷ್ಯನ ಕಿವಿಗೆ ಬಿದ್ದ ಮಾತು ಅವನೊಳಗೆ ಏನು ಮಾಡುತ್ತದೆ ಎಂದು ಕೇಳುವವನು ಯಂತ್ರವನ್ನೂ ತೆರೆದು ನೋಡುತ್ತಾನೆ, ಮನಸ್ಸನ್ನೂ ತೆರೆದು ನೋಡುತ್ತಾನೆ.

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ ಡಾ. ಎಂ.ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. ಮಾರನೆಯ ವರ್ಷವೇ ಅಲ್ಲಿ ಚಿಕಿತ್ಸಾ ಮನಶ್ಶಾಸ್ತ್ರದ ತರಬೇತಿ ಆರಂಭವಾಯಿತು. 1974ರಲ್ಲಿ ಆ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ಈ ಶಾಸ್ತ್ರವನ್ನು ಕನ್ನಡದ ಓದುಗನ ಮನೆಬಾಗಿಲಿಗೆ ತಂದವರಲ್ಲಿ 'ಕೊರವಂಜಿ'ಯ ರಾ.ಶಿ.ಯವರನ್ನು ಮರೆಯುವಂತಿಲ್ಲ. ವೈದ್ಯರೂ ವಿನೋದಕಾರರೂ ಆಗಿದ್ದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮನೋರೋಗಗಳನ್ನು ಕುರಿತ ಪುಸ್ತಕವೊಂದು ಸಾಹಿತ್ಯ ಪ್ರಶಸ್ತಿಗೆ ಪಾತ್ರವಾಗುವಷ್ಟು ಕನ್ನಡ ಗದ್ಯ ಆ ಹೊತ್ತಿಗೆ ಬೆಳೆದಿತ್ತು.

ಇನ್ನು ನಮ್ಮ ಊರಿನ ಮಾತು. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗಗಳಾಗಿದ್ದವು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಬೋಧನೆ ಉರ್ದುವಿನಲ್ಲಿ. ಅದಕ್ಕಾಗಿಯೇ ಭಾಷಾಂತರ ಇಲಾಖೆಯೊಂದು ಕೆಲಸ ಮಾಡುತ್ತಿತ್ತು. ಮನಶ್ಶಾಸ್ತ್ರ ಉರ್ದುವಿನಲ್ಲಿ 'ನಫ್ಸಿಯಾತ್' ಆಯಿತು. ರಾಯಚೂರಿನಿಂದ ಬಂದ ಹುಡುಗನೊಬ್ಬ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ತರಗತಿಯಲ್ಲಿ ಉರ್ದು, ಮನೆಗೆ ಬರುವ ಪತ್ರಿಕೆಯಲ್ಲಿ ಇಂಗ್ಲಿಷು ಎಂಬಂತೆ ದಿನವನ್ನು ಕಳೆಯುತ್ತಿದ್ದ. ಇಷ್ಟೆಲ್ಲ 'ಭಾರ' ಹೊತ್ತ ಆ ಪೀಳಿಗೆಯಿಂದಲೇ ವಕೀಲರೂ ವೈದ್ಯರೂ ಶಾಸಕರೂ ಬಂದರೆಂಬುದು ನಮ್ಮ ಹಿರಿಯರಿಗೆ ಗೊತ್ತು. ಆದರೆ ಇದು ಅನುಭವದ ಸಾಕ್ಷಿ. ವಿಜ್ಞಾನಕ್ಕೆ ಇಷ್ಟು ಸಾಲದು.

ಇಂದಿನ ದಾರಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇಂಟರ್ಮೀಡಿಯೆಟ್‌ನಲ್ಲಿ ಯಾವ ಗುಂಪನ್ನು ಓದಿದವರೂ ಬಿ.ಎ.ಯಲ್ಲಿ ಮನಶ್ಶಾಸ್ತ್ರವನ್ನು ತೆಗೆದುಕೊಳ್ಳಬಹುದು. ಅಲ್ಲಿಂದ ಮುಂದೆ ಕವಲೊಡೆಯುತ್ತದೆ. ರೋಗಿಗಳ ಜೊತೆ ಕೆಲಸ ಮಾಡಬಯಸುವವರು ಸ್ನಾತಕೋತ್ತರ ಪದವಿಯ ನಂತರ ಭಾರತೀಯ ಪುನರ್ವಸತಿ ಪರಿಷತ್ತಿನ ಮನ್ನಣೆಯುಳ್ಳ ಚಿಕಿತ್ಸಾ ತರಬೇತಿಯನ್ನು ಪಡೆಯಬೇಕು. ಬಹುಕಾಲ ಅದು ಎರಡು ವರ್ಷದ ಎಂ.ಫಿಲ್. ಆಗಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಪದವಿಯನ್ನೇ ಕೈಬಿಡಲು ಹೇಳಿದ್ದರಿಂದ ಅದರ ಹೆಸರೂ ಸ್ವರೂಪವೂ ಬದಲಾಗುವ ಹಾದಿಯಲ್ಲಿವೆ. ಅರ್ಜಿ ಹಾಕುವ ವರ್ಷ ಪರಿಷತ್ತಿನ ನಿಯಮವನ್ನು ಸ್ವತಃ ಓದಿ ನೋಡಿ, ದಲ್ಲಾಳಿಗಳನ್ನು ಕೇಳಬೇಡಿ. ಸಂಶೋಧನೆಯತ್ತ ಒಲವುಳ್ಳವರಿಗೆ ನಮ್ಮ ನಗರದಲ್ಲಿಯೇ ಹೈದರಾಬಾದ್ ವಿಶ್ವವಿದ್ಯಾಲಯದ ನರ ಮತ್ತು ಸಂಜ್ಞಾನ ವಿಜ್ಞಾನಗಳ ಕೇಂದ್ರವಿದೆ. ಗಚ್ಚಿಬೌಲಿಯ ಟ್ರಿಪಲ್ ಐಟಿಯಲ್ಲಿ ಸಂಜ್ಞಾನ ವಿಜ್ಞಾನದ ಪ್ರಯೋಗಾಲಯವಿದೆ. ಆ ಟ್ರಿಪಲ್ ಐಟಿಯವರು 2019ರಲ್ಲಿ ನೂರು ಭಾರತೀಯರ ಎಂ.ಆರ್.ಐ. ಚಿತ್ರಗಳಿಂದ ಭಾರತೀಯ ಮಿದುಳಿನ ನಕಾಶೆಯೊಂದನ್ನು ಪ್ರಕಟಿಸಿದರು. ಅದುವರೆಗೆ ನಮ್ಮ ರೋಗಿಯ ಮಿದುಳು ಕುಗ್ಗಿದೆಯೇ ಎಂದು ಅಳೆಯಲು ಪಾಶ್ಚಾತ್ಯರ ಮಿದುಳಿನ ಅಳತೆಗೋಲನ್ನೇ ಬಳಸುವುದು ವಾಡಿಕೆಯಾಗಿತ್ತು. ನಮ್ಮವರ ಮಿದುಳಿನ ಗಾತ್ರ ಸರಾಸರಿಯಲ್ಲಿ ತುಸು ಚಿಕ್ಕದು ಎಂದು ಆ ನಕಾಶೆ ತೋರಿಸಿತು. ಗಾತ್ರಕ್ಕೂ ಬುದ್ಧಿಗೂ ಗಂಟು ಹಾಕಿ ಯಾರೂ ನೊಂದುಕೊಳ್ಳಬೇಕಿಲ್ಲ; ಪರರ ಅಳತೆಗೋಲಿನಿಂದ ಆರೋಗ್ಯವಂತನೂ ರೋಗಿಯಂತೆ ಕಂಡಾನು ಎಂಬುದಷ್ಟೇ ಇಲ್ಲಿನ ಅರ್ಥ.

ಅಳತೆಗೋಲಿನ ಈ ಮಾತು ಭಾಷೆಗೆ ಬಂದಾಗ ಇನ್ನಷ್ಟು ಗಂಭೀರವಾಗುತ್ತದೆ. ಓದು ಕಲಿಯುವುದನ್ನೇ ತೆಗೆದುಕೊಳ್ಳಿ. ಒಂದು ಪದವನ್ನು ಬಿಡಿ ಬಿಡಿ ಧ್ವನಿಗಳಾಗಿ ಒಡೆಯಬಲ್ಲ ಮಗು ಮಾತ್ರ ಚೆನ್ನಾಗಿ ಓದಬಲ್ಲದು ಎಂಬುದು ಇಂಗ್ಲಿಷ್ ಮಕ್ಕಳನ್ನು ನೋಡಿ ಮಾಡಿಕೊಂಡ ತೀರ್ಮಾನ. 'ಸ್ತ್ರೀ' ಎಂಬುದರಲ್ಲಿ ಎಷ್ಟಿದೆ ಎಂದು ನಮ್ಮ ಮಗುವನ್ನು ಕೇಳಿ; ಒಂದು ಎನ್ನುತ್ತದೆ. ಅದರಲ್ಲಿ ನಾಲ್ಕು ಧ್ವನಿಗಳಿವೆ; ಆದರೆ ಅಕ್ಷರ ಒಂದೇ, ಮಗು ಹೇಳಿದ್ದೂ ಸರಿಯೇ. ಪ್ರತಿಭಾ ಕಾರಂತ ಮತ್ತು ಅವರ ಸಹೋದ್ಯೋಗಿಗಳು ಕನ್ನಡ ಓದುಗರನ್ನು ಪರೀಕ್ಷಿಸಿ, ಕನ್ನಡವನ್ನಷ್ಟೇ ಓದಬಲ್ಲವರು ಧ್ವನಿಗಳನ್ನು ಒಡೆಯುವ ಪರೀಕ್ಷೆಯಲ್ಲಿ ಹಿಂದೆ ಬಿದ್ದರೂ ಓದಿನಲ್ಲಿ ಹಿಂದೆ ಬಿದ್ದಿಲ್ಲವೆಂದು ತೋರಿಸಿದರು. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡದ ಅಕ್ಷರಗಳ ಸಂಪೂರ್ಣ ಹಿಡಿತಕ್ಕೆ ಮಗುವಿಗೆ ಹಲವು ವರ್ಷಗಳೇ ಬೇಕೆಂದು ತೋರಿಸಿತು. ಇಪ್ಪತ್ತಾರು ಅಕ್ಷರಗಳ ಲಿಪಿಗೆ ಹಾಕಿದ ಗಡುವನ್ನು ಒತ್ತಕ್ಷರಗಳ ಲಿಪಿಗೂ ಹಾಕಿ, ಎರಡನೆಯ ತರಗತಿಯ ಮಗುವನ್ನು ಮಂದಬುದ್ಧಿ ಎಂದು ಕರೆಯುವ ಶಿಕ್ಷಕರು ಈ ಒಂದು ಸಂಗತಿಯನ್ನು ತಿಳಿದುಕೊಂಡರೆ ಸಾಕು.

ಇಲ್ಲಿ ಹೈದರಾಬಾದಿನ ಕನ್ನಡ ಮಗು ಇನ್ನೊಂದು ವಿಶೇಷ ಸ್ಥಾನದಲ್ಲಿದೆ. 'ಸೂರ್ಯ' ಎಂಬ ಪದವನ್ನು ನೋಡಿ. ಕಿವಿಗೆ ರಕಾರ ಮೊದಲು, ಯಕಾರ ಆಮೇಲೆ. ಕನ್ನಡದ ಬರವಣಿಗೆಯಲ್ಲಿ ಅರ್ಕಾವೊತ್ತು ಬಂದು ಕೂರುವುದು ಯಕಾರದ ಬಲಕ್ಕೆ! ತೆಲುಗಿನಲ್ಲಿ ಅದೇ ಪದಕ್ಕೆ ರಕಾರವನ್ನು ಮೊದಲು ಬರೆದು ಯಕಾರವನ್ನು ಒತ್ತಾಗಿ ಕೊಡುತ್ತಾರೆ; ಹಳೆಯ ತೆಲುಗು ಅಚ್ಚಿನಲ್ಲಿದ್ದ ವಲಪಲಗಿಲಕ ಈಗ ಬಹುಮಟ್ಟಿಗೆ ಮರೆಯಾಗಿದೆ. ಅಕ್ಕತಂಗಿಯರಂತಿರುವ ಎರಡು ಲಿಪಿಗಳನ್ನು ಓದುವ ಮಗುವಿನ ಕಣ್ಣು ಈ ಒಂದು ಪದದ ಮುಂದೆ ಎರಡು ಬಗೆಯಾಗಿ ಓಡಬೇಕು. ಯಾವುದರಲ್ಲಿ ಎಷ್ಟು ಕ್ಷಣ ತಡೆಯುತ್ತದೆ? ಕಣ್ಣಿನ ಚಲನೆಯನ್ನು ಅಳೆಯುವ ಯಂತ್ರವೊಂದಿದ್ದರೆ ಸ್ನಾತಕೋತ್ತರ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೇ? ಇದನ್ನು ಪ್ರಶ್ನೆಯಾಗಿ ಕಾಣುವುದಕ್ಕಾದರೂ ಎರಡೂ ಲಿಪಿಗಳನ್ನು ಬಲ್ಲ ವಿದ್ಯಾರ್ಥಿ ಬೇಕು.

ಈಗ ಪಂಜಾಗುಟ್ಟಕ್ಕೆ ಬರೋಣ. ಅಲ್ಲಿನ ನಿಜಾಮ್ಸ್ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ, ಅಂದರೆ ನಮ್ಮೆಲ್ಲರ ನಿಮ್ಸ್‌ನಲ್ಲಿ, ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡದವರು ಮರೆವಿನ ಕಾಯಿಲೆಗೆ ತುತ್ತಾದ 648 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ 391 ಜನ ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರು. ಏಕಭಾಷಿಕರಿಗಿಂತ ಅವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಕೆನಡಾದಲ್ಲಿ ಇಂಥ ಫಲಿತಾಂಶ ಮೊದಲೇ ಬಂದಿತ್ತು. ಆದರೆ ಅಲ್ಲಿ ಎರಡು ಭಾಷೆ ಬಲ್ಲವರಲ್ಲಿ ಬಹುಮಂದಿ ವಲಸೆ ಬಂದವರಾದ್ದರಿಂದ, ಇದು ಭಾಷೆಯ ಗುಣವೋ ವಲಸೆಯ ಗುಣವೋ ಎಂಬ ತಕರಾರು ಉಳಿದಿತ್ತು. ಹೈದರಾಬಾದಿನಲ್ಲಿ ಹಲವು ಭಾಷೆ ಊರಿನ ಸಹಜ ಸ್ಥಿತಿ. ಶಾಲೆಯ ಮುಖ ಕಾಣದವರಲ್ಲಿಯೂ ಆ ಅಂತರವಿತ್ತು, ಅದೂ ಆರು ವರ್ಷದಷ್ಟು. ಆದ್ದರಿಂದ ಇದು ಓದಿನ ಫಲವಷ್ಟೇ ಎಂದು ತಳ್ಳಿಹಾಕುವಂತಿರಲಿಲ್ಲ. ಆ ತಂಡದಲ್ಲಿ ವೈದ್ಯರಷ್ಟೇ ಅಲ್ಲದೆ ಉಸ್ಮಾನಿಯಾದ ಭಾಷಾವಿಜ್ಞಾನಿ ದುಗ್ಗಿರಾಲ ವಸಂತ ಅವರೂ ಇದ್ದರೆಂಬುದನ್ನು, ಎಂ.ಬಿ.ಬಿ.ಎಸ್. ಸಿಗದೆ ಮಿದುಳಿನ ವಿಜ್ಞಾನಕ್ಕೆ ಪ್ರವೇಶವಿಲ್ಲವೆಂದು ಕೊರಗುವ ಮಕ್ಕಳು ಗಮನಿಸಬೇಕು. 2016ರಲ್ಲಿ ಅದೇ ಆಸ್ಪತ್ರೆಯ 608 ಪಾರ್ಶ್ವವಾಯು ರೋಗಿಗಳ ಅಧ್ಯಯನ ಪ್ರಕಟವಾಯಿತು: ಆಘಾತದ ನಂತರವೂ ಬುದ್ಧಿವ್ಯಾಪಾರ ಸರಿಯಾಗಿ ಉಳಿದವರು ಬಹುಭಾಷಿಕರಲ್ಲಿ ನೂರಕ್ಕೆ ಸುಮಾರು 40, ಏಕಭಾಷಿಕರಲ್ಲಿ ಸುಮಾರು 20.

ಇದನ್ನು ಕೇಳಿ ಚಪ್ಪಾಳೆ ತಟ್ಟುವ ಮೊದಲು ಎರಡು ಎಚ್ಚರಿಕೆ. ಎರಡು ಭಾಷೆಗಿಂತ ಹೆಚ್ಚು ಕಲಿತವರಿಗೆ ಹೆಚ್ಚಿನ ಲಾಭವೇನೂ 2013ರ ಅಧ್ಯಯನದಲ್ಲಿ ಕಾಣಲಿಲ್ಲ. ಎರಡನೆಯದು, ಇಂಥ ಅಧ್ಯಯನಗಳು ಸಂಬಂಧವನ್ನು ತೋರಿಸುತ್ತವೆ, ಕಾರಣವನ್ನು ಸಾಧಿಸುವುದಿಲ್ಲ. ಬೇರೆ ದೇಶಗಳಲ್ಲಿ ಇದಕ್ಕೆ ಒಪ್ಪದ ಫಲಿತಾಂಶಗಳೂ ಬಂದಿವೆ. ಕನ್ನಡ ಮಾತನಾಡಿದರೆ ಮರೆವು ಬಾರದು ಎಂದು ಸಂಘದ ಗೋಡೆಯ ಮೇಲೆ ಬರೆಸಿದರೆ ನಾನೇ ಅಳಿಸುತ್ತೇನೆ. ಆದರೆ ಮನೆಮಾತು ಮಿದುಳಿಗೆ ಹೊರೆ ಎಂಬ ಮಾತಿಗೆ ಈ ಊರಿನ ಸಾಕ್ಷ್ಯದಲ್ಲಿ ಆಧಾರವಿಲ್ಲ ಎಂದು ಆ ತಾಯಿಗೆ ಧೈರ್ಯವಾಗಿ ಹೇಳಬಲ್ಲೆ, ಹೇಳಿದ್ದೇನೆ ಕೂಡ.

ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಅದು ರಾಜ್ಯಗಳಿಗೆ ಹೇಳುತ್ತದೆ. ಕಾಚಿಗೂಡದ ನೃಪತುಂಗ ಶಾಲೆಯಂಥ ಸಂಸ್ಥೆಗಳನ್ನು ನಮ್ಮ ಹಿರಿಯರು ಕಟ್ಟಿದ್ದು ಇದೇ ನಂಬಿಕೆಯಿಂದ. ವಿಧಿ ಪುಸ್ತಕದಲ್ಲಿದೆ, ಶಾಲೆಗೆ ಮಕ್ಕಳನ್ನು ಕಳಿಸಬೇಕಾದ ತಂದೆತಾಯಿಗಳು ಮಾತ್ರ 'ತಲೆಭಾರ'ದ ಭಯದಲ್ಲಿದ್ದಾರೆ. ಸರ್ಕಾರವನ್ನು ದೂರುವ ಹಕ್ಕು ನಮಗಿದೆ, ದೂರೋಣ. ಆದರೆ ಮನೆಯಲ್ಲಿ ಮಾತು ನಿಲ್ಲಿಸಿದ್ದು ಸರ್ಕಾರವಲ್ಲ.

ಇದರ ಪರಿಣಾಮವನ್ನು ಅನುಭವಿಸುವವರು ಮಕ್ಕಳಷ್ಟೇ ಅಲ್ಲ, ಮುದುಕರು. ಎಂಬತ್ತರ ಅಜ್ಜಿಯನ್ನು ಮರೆವಿನ ಪರೀಕ್ಷೆಗೆ ಕರೆದುಕೊಂಡು ಹೋದಾಗ ಪ್ರಶ್ನೆಗಳನ್ನು ಕೇಳುವುದು ಯಾವ ಭಾಷೆಯಲ್ಲಿ? ತಡವಾಗಿ ಕಲಿತ ಭಾಷೆಯಲ್ಲಿ ಕೇಳಿದರೆ ಅಜ್ಜಿ ತಡವರಿಸುತ್ತಾರೆ. ತಡವರಿಕೆ ರೋಗದ ಲೆಕ್ಕಕ್ಕೆ ಸೇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೂಪಿಸಿದ ಬುದ್ಧಿವ್ಯಾಪಾರದ ಪರೀಕ್ಷಾ ಸರಣಿ ಹಿಂದಿ, ಬಂಗಾಳಿ, ತೆಲುಗು, ಮಲಯಾಳಗಳ ಜೊತೆಗೆ ಕನ್ನಡದಲ್ಲಿಯೂ ಇದೆ. ಆದರೆ ಅದನ್ನು ಕನ್ನಡದಲ್ಲಿ ಕೇಳಬಲ್ಲ ತರಬೇತಾದ ಯುವಕ ಯುವತಿಯರು ಈ ನಗರದ ಆಸ್ಪತ್ರೆಗಳಲ್ಲಿಯೂ ಇರಬೇಕಷ್ಟೆ. ನಾನು ದಾರಿ ಎಂದು ಕರೆದದ್ದು ಇದನ್ನು.

ಎಲ್ಲಿಂದ ಆರಂಭಿಸಬೇಕು ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಚೀಟಿ ಕಳಿಸಿದ್ದಾಳೆ. ಅಮ್ಮಾ, ಪ್ರಯೋಗಶಾಲೆಗೆ ಕಾಯಬೇಡ. ಇವತ್ತು ಸಂಜೆ ಒಂದು ಗಡಿಯಾರ, ಒಂದು ಹಾಳೆ ಇಟ್ಟುಕೊಂಡು ನಿಮ್ಮ ಅಜ್ಜಿಯನ್ನು ಕೇಳು: ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ? ಮರೆವಿನ ಚಿಕಿತ್ಸಾಲಯಗಳಲ್ಲಿ ಬಳಸುವ ಪರೀಕ್ಷೆಗಳಲ್ಲಿ ಇದೂ ಒಂದು. ಅಂಕ ಹಾಕಬೇಡ, ರೋಗವಿದೆ ಇಲ್ಲವೆಂದು ತೀರ್ಪು ಕೊಡಬೇಡ; ಹೇಳಿದ್ದನ್ನು ಹೇಳಿದ ಕ್ರಮದಲ್ಲಿ ಬರೆದುಕೋ ಅಷ್ಟೆ. ಆಕಳು, ಎಮ್ಮೆ, ಕುರಿ ಎಂದು ಹೊರಟ ಅಜ್ಜಿ ನಡುವೆ ತೆಲುಗಿನ 'ಕುಕ್ಕ' ಎಂದಾರು, ಉರ್ದುವಿನ 'ಬಿಲ್ಲಿ' ಎಂದಾರು, ಮತ್ತೆ ಕನ್ನಡಕ್ಕೆ ಬಂದು ಆನೆ ಎಂದಾರು. ಯಾವ ಹೆಸರಿನ ನಂತರ ಭಾಷೆ ಬದಲಾಯಿತು, ಬದಲಾಗುವ ಮುನ್ನ ಎಷ್ಟು ಹೊತ್ತು ಸುಮ್ಮನಿದ್ದರು ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕು. ಆ ಹಾಳೆಯನ್ನು ತೆಗೆದುಕೊಂಡು ಮುಂದಿನ ಭಾನುವಾರ ಬಾ, ಕೂತು ನೋಡೋಣ.