ವಾಷಿಂಗ್ಟನ್ ಅನ್ನೋ ಅಡ್ಡಹೆಸರು ಯಾರದ್ದು?

ಇವತ್ತು ಮಾತಾಡೋದು ಒಂದು ಇಂಗ್ಲಿಷ್ ಅಡ್ಡಹೆಸರಿನ ಬಗ್ಗೆ. ವಾಷಿಂಗ್ಟನ್. ಕೇಳಿದ ತಕ್ಷಣ ಒಂದು ಡಾಲರ್ ನೋಟಿನ ಮೇಲಿರೋ ಮುಖ ನೆನಪಾಗುತ್ತೆ, ಇಲ್ಲಾಂದ್ರೆ ರಾಜಧಾನಿ, ಇಲ್ಲಾಂದ್ರೆ ಸಿಯಾಟಲ್ ಇರೋ ರಾಜ್ಯ. ಅಲ್ಲಿಯ ಕ್ಲೈಂಟ್ ಜೊತೆ ರಾತ್ರಿ ಹತ್ತು ಗಂಟೆಗೆ ಕಾಲ್‌ನಲ್ಲಿ ಕೂರೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ, ನನಗೆ ಗೊತ್ತು.

ಈಗ ಒಂದು ಅಂಕಿ ನೋಡಿ. ಅಮೆರಿಕದ 2000ನೇ ಇಸವಿಯ ಜನಗಣತಿಯಲ್ಲಿ ವಾಷಿಂಗ್ಟನ್ ಅನ್ನೋ ಅಡ್ಡಹೆಸರಿನವರು 1,63,036 ಜನ. ಅವರಲ್ಲಿ ಶೇಕಡಾ 90ರಷ್ಟು ಕಪ್ಪು ಜನ. ನೋಟಿನ ಮೇಲಿರೋ ಜಾರ್ಜ್ ವಾಷಿಂಗ್ಟನ್‌ಗೆ ಸ್ವಂತ ಮಕ್ಕಳೇ ಇರಲಿಲ್ಲ. ಹಾಗಾದ್ರೆ ಈ ಹೆಸರು ಎಲ್ಲಿಂದ ಹೊರಟು ಯಾರ ಹತ್ರ ಬಂತು?

ಮೊದಲು ಇಂಗ್ಲೆಂಡಿಗೆ ಹೋಗೋಣ. ಉತ್ತರದಲ್ಲಿ ಡರಮ್ ಅಂತ ಒಂದು ಪ್ರಾಂತ್ಯ. ಅಲ್ಲಿಯ ಬಿಷಪ್ 1183ರಲ್ಲಿ ತನ್ನ ಜಮೀನು, ಗೇಣಿ, ಯಾರು ಏನು ಕೊಡಬೇಕು ಅನ್ನೋದನ್ನೆಲ್ಲ ಪಟ್ಟಿ ಮಾಡಿಸಿದ. ಅದಕ್ಕೆ ಬೋಲ್ಡನ್ ಬುಕ್ ಅಂತಾರೆ. ಅದರಲ್ಲಿ ವಿಲಿಯಂ ಅಂತ ಒಬ್ಬ ಸಿಗ್ತಾನೆ. ಅವನ ಊರು ಹರ್ಟ್‌ಬರ್ನ್, ಹಾಗಾಗಿ ವಿಲಿಯಂ ಡಿ ಹರ್ಟ್‌ಬರ್ನ್. ಇವನು ಆ ಊರನ್ನ ಬಿಷಪ್‌ಗೆ ಬಿಟ್ಟುಕೊಟ್ಟು, ಬದಲಿಗೆ ವಾಷಿಂಗ್ಟನ್ ಅನ್ನೋ ಹಳ್ಳಿಯನ್ನ ತಗೊಂಡ. ವರ್ಷಕ್ಕೆ ನಾಲ್ಕು ಪೌಂಡ್ ಗೇಣಿ, ಜೊತೆಗೆ ಬಿಷಪ್ ಬೇಟೆಗೆ ಹೊರಟಾಗ ನಾಲ್ಕು ಗ್ರೇಹೌಂಡ್ ನಾಯಿ ಹಿಡ್ಕೊಂಡು ಹೋಗಬೇಕು, ಇದು ಷರತ್ತು. ಊರು ಬದಲಾಯ್ತು, ಹೆಸರೂ ಬದಲಾಯ್ತು. ವಿಲಿಯಂ ಡಿ ವೆಸಿಂಗ್ಟನ್ ಆದ.

ಹಳ್ಳಿಯ ಹೆಸರಿಗೆ ಹಳೇ ಇಂಗ್ಲಿಷ್‌ನಲ್ಲಿ ಅರ್ಥ ಹೇಳ್ತಾರೆ: ಹ್ವಾಸ ಅನ್ನೋನ ಕಡೆಯವರ ಊರು. ಕೊನೆಯ ‘ಟನ್’ ಇದೆಯಲ್ಲ, ಅದೇ ಇವತ್ತಿನ ಟೌನ್. ಅಂದ್ರೆ ಇದು ಶುರುವಾದಾಗ ರಕ್ತಸಂಬಂಧದ ಗುರುತೇ ಅಲ್ಲ, ಬರೀ ಅಡ್ರೆಸ್ ಫೀಲ್ಡ್. ನಮಗೇನೂ ಇದು ಹೊಸದಲ್ಲ. ಕೆ.ವಿ. ಪುಟ್ಟಪ್ಪ ಅನ್ನೋದ್ರಲ್ಲಿ ಕೆ ಅಂದ್ರೆ ಕುಪ್ಪಳಿ, ಊರು; ವಿ ಅಂದ್ರೆ ವೆಂಕಟಪ್ಪ, ಅಪ್ಪ. ಕುವೆಂಪು ಮೈಸೂರಲ್ಲೇ ಜೀವನ ಕಳೆದ್ರೂ ಕೆ ಹೋಗಿ ಎಂ ಆಗಲಿಲ್ಲ. ವಿಲಿಯಂ ಕಾಲದಲ್ಲಿ ಆಗ್ತಿತ್ತು. ಅಡ್ಡಹೆಸರು ಗಟ್ಟಿಯಾಗಿ ಅಂಟಿಕೊಂಡು ಮಕ್ಕಳು ಮೊಮ್ಮಕ್ಕಳಿಗೆ ಹೋಗೋಕೆ ಶುರುವಾಗಿದ್ದು ಆಮೇಲೆ, ನಿಧಾನಕ್ಕೆ.

ಒಮ್ಮೆ ಅಂಟಿದ ಮೇಲೆ ಜನ ಊರು ಬಿಟ್ರೂ ಹೆಸರು ಬಿಡಲಿಲ್ಲ. ಈ ಮನೆತನದ ಒಂದು ಕವಲು ಲ್ಯಾಂಕಶೈರ್‌ಗೆ ಬಂತು, ಅಲ್ಲಿಂದ ಒಬ್ಬ ಲಾರೆನ್ಸ್ ವಾಷಿಂಗ್ಟನ್ ನಾರ್ಥಾಂಪ್ಟನ್‌ಗೆ ಬಂದು ಉಣ್ಣೆ ವ್ಯಾಪಾರದಲ್ಲಿ ದುಡ್ಡು ಮಾಡಿದ, ಮೇಯರ್ ಕೂಡ ಆದ. ಎಂಟನೇ ಹೆನ್ರಿ ಮಠಗಳನ್ನ ಮುಚ್ಚಿಸಿ ಅವುಗಳ ಆಸ್ತಿ ಮಾರಾಟಕ್ಕೆ ಇಟ್ಟಾಗ, 1539ರಲ್ಲಿ ಲಾರೆನ್ಸ್ ಸಲ್‌ಗ್ರೇವ್ ಅನ್ನೋ ಊರಿನ ಜಮೀನು ಕೊಂಡ. ಅವನು ಕಟ್ಟಿಸಿದ ಮನೆ ಇವತ್ತಿಗೂ ಇದೆ, ನೋಡೋಕೆ ಬಿಡ್ತಾರೆ. ಮನೆತನದ ಲಾಂಛನ ಎರಡು ಪಟ್ಟಿ, ಮೂರು ನಕ್ಷತ್ರ. ವಾಷಿಂಗ್ಟನ್ ಡಿ.ಸಿ.ಯ ಬಾವುಟ ಗೂಗಲ್ ಮಾಡಿ ನೋಡಿ, ಅದೇ ಡಿಸೈನ್.

ಸಮುದ್ರ ದಾಟಿದ್ದು ಯಾಕೆ ಅಂದ್ರೆ, ಕೆಲಸ ಹೋಯ್ತು. ಇದೇ ವಂಶದ ಇನ್ನೊಬ್ಬ ಲಾರೆನ್ಸ್ ಎಸೆಕ್ಸ್ ಪ್ರಾಂತ್ಯದ ಪರ್ಲಿ ಅನ್ನೋ ಊರಲ್ಲಿ ಪಾದ್ರಿ, ಆಕ್ಸ್‌ಫರ್ಡ್‌ನಲ್ಲಿ ಓದಿದವನು, ಒಳ್ಳೇ ಸಂಬಳ. ಆಗ ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ. 1643ರಲ್ಲಿ ಪಾರ್ಲಿಮೆಂಟ್ ಕಡೆಯವರು ಅವನನ್ನ ತೆಗೆದುಹಾಕಿದ್ರು. ಆರೋಪ ಏನು? ಹೆಂಡದಂಗಡಿಗೆ ಹೋಗ್ತಾನೆ ಅಂತ. ಅವನು ರಾಜನ ಪಕ್ಷದವನು ಅನ್ನೋದೇ ನಿಜವಾದ ಕಾರಣ ಅಂತ ನನ್ನ ಅಂದಾಜು. ಪರ್ಫಾರ್ಮೆನ್ಸ್ ಇಶ್ಯೂ ಅಂತ ಬರೆದು ಮನೆಗೆ ಕಳಿಸೋದು ಇವತ್ತಿನ ಎಚ್‌ಆರ್ ಕಂಡುಹಿಡಿದದ್ದಲ್ಲ. ಲಾರೆನ್ಸ್ ಬಡತನದಲ್ಲೇ ತೀರಿಕೊಂಡ. ಮಗ ಜಾನ್ ಹಡಗಿನ ಕೆಲಸಕ್ಕೆ ಸೇರಿದ. 1656ರಲ್ಲಿ ಸೀ ಹಾರ್ಸ್ ಅನ್ನೋ ಹಡಗಿನಲ್ಲಿ ಹೊಗೆಸೊಪ್ಪು ತರೋಕೆ ವರ್ಜೀನಿಯಾಗೆ ಹೊರಟ. ಆ ಹಡಗು ಪೊಟೊಮ್ಯಾಕ್ ನದಿಯಲ್ಲಿ ನೆಲಕ್ಕೆ ತಗುಲಿ ಸಿಕ್ಕಿಹಾಕಿಕೊಳ್ತು. ಜಾನ್ ಅಲ್ಲೇ ಉಳಿದುಬಿಟ್ಟ. ಅಲ್ಲಿನ ಒಬ್ಬ ಜಮೀನ್ದಾರನ ಮಗಳು ಆನ್ ಪೋಪ್‌ಳನ್ನ ಮದುವೆಯಾದ, ಮಾವ 700 ಎಕರೆ ಜಮೀನು ಕೊಟ್ಟ. ಈ ಜಾನ್‌ನ ಮರಿಮಗನೇ ಜಾರ್ಜ್.

ಇಲ್ಲಿವರೆಗೂ ಬಂದ ಕಥೆ ಸಾಮಾನ್ಯವಾಗಿ ಎಲ್ಲ ಕಡೆ ಸಿಗುತ್ತೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ, ಮುಂದೆ ಅಧ್ಯಕ್ಷರ ಚರಿತ್ರೆ ಶುರು ಮಾಡ್ತಾರೆ. ಆ 1,63,036 ಜನರಲ್ಲಿ ಹೆಚ್ಚಿನವರ ಕಥೆ ಶುರುವಾಗೋದೇ ಇಲ್ಲಿಂದ.

ಹೊಗೆಸೊಪ್ಪಿನ ಜಮೀನು ಅಂದ್ರೆ ಗುಲಾಮರು. 1799ರಲ್ಲಿ ಜಾರ್ಜ್ ತನ್ನ ಮೌಂಟ್ ವರ್ನನ್ ಎಸ್ಟೇಟಿನ ಗುಲಾಮರನ್ನ ಪಟ್ಟಿ ಮಾಡಿದ, 317 ಜನ. ಅವರಲ್ಲಿ 123 ಜನ ಅವನ ಸ್ವಂತದವರು. ಅವರನ್ನ ಬಿಡುಗಡೆ ಮಾಡಬೇಕು ಅಂತ ಉಯಿಲಿನಲ್ಲಿ ಬರೆದ. ಪಟ್ಟಿಯಲ್ಲಿ ಹೆಚ್ಚಿನವರಿಗೆ ಒಂದೇ ಹೆಸರು. ಅಡ್ಡಹೆಸರು ಇರೋ ಒಬ್ಬ ವಿಲಿಯಂ ಲೀ, ಯುದ್ಧದುದ್ದಕ್ಕೂ ಜಾರ್ಜ್ ಪಕ್ಕದಲ್ಲೇ ಇದ್ದ ಸೇವಕ. ಗಮನಿಸಿ, ಅವನು ವಾಷಿಂಗ್ಟನ್ ಅಲ್ಲ. ಲೀ ಅನ್ನೋದು ಹಿಂದಿನ ಒಡೆಯರ ಮನೆತನದ ಹೆಸರು. ಒಡೆಯ ಬದಲಾದ್ರೂ ಅವನು ಅದನ್ನೇ ಉಳಿಸಿಕೊಂಡ. ಹಾಗಾಗಿ ಗುಲಾಮರಿಗೆ ಒಡೆಯನ ಹೆಸರು ತಾನಾಗೇ ಅಂಟಿಕೊಳ್ತು ಅನ್ನೋ ಸುಲಭದ ಉತ್ತರ ಇಲ್ಲಿ ಕೆಲಸ ಮಾಡಲ್ಲ.

ಬೂಕರ್ ಟಿ. ವಾಷಿಂಗ್ಟನ್ ಹೆಸರು ಕೆಲವರು ಕೇಳಿರ್ತೀರಿ. 1856ರ ಸುಮಾರಿಗೆ ವರ್ಜೀನಿಯಾದಲ್ಲಿ ಗುಲಾಮನಾಗಿ ಹುಟ್ಟಿದವರು, ಮುಂದೆ ಟಸ್ಕೆಗೀ ಶಿಕ್ಷಣ ಸಂಸ್ಥೆ ಕಟ್ಟಿದವರು. ಬಿಡುಗಡೆಯಾದ ಮೇಲೆ ಮೊದಲ ಸಲ ಸ್ಕೂಲಿಗೆ ಹೋದಾಗ ಮೇಷ್ಟ್ರು ಹಾಜರಿ ಕರೀತಾರೆ, ಎಲ್ಲ ಮಕ್ಕಳಿಗೂ ಕನಿಷ್ಠ ಎರಡು ಹೆಸರು. ಇವರಿಗೆ ಒಂದೇ, ಬೂಕರ್. ತಮ್ಮ ಸರದಿ ಬರೋ ಹೊತ್ತಿಗೆ ಯೋಚನೆ ಮಾಡಿ, ಬೂಕರ್ ವಾಷಿಂಗ್ಟನ್ ಅಂತ ಹೇಳಿಬಿಟ್ರು. ಮಲತಂದೆಯ ಮೊದಲ ಹೆಸರು ವಾಷಿಂಗ್ಟನ್ ಫರ್ಗೂಸನ್ ಅನ್ನೋದ್ರಲ್ಲಿ ಇತ್ತು, ಅಷ್ಟೇ. ಜಾರ್ಜ್ ಮನೆತನಕ್ಕೂ ಇವರಿಗೂ ಸಂಬಂಧ ಇಲ್ಲ. ಪಾಸ್‌ಪೋರ್ಟ್ ಫಾರಂನಲ್ಲಿ ‘ಸರ್‌ನೇಮ್’ ಕಾಲಂ ಮುಂದೆ ಕೂತು ಅಪ್ಪನ ಹೆಸರು ಹಾಕಲೋ, ಊರಿನ ಹೆಸರು ಹಾಕಲೋ ಅಂತ ತಲೆ ಕೆರೆದುಕೊಂಡವರಿಗೆ ಆ ಹುಡುಗನ ಗಡಿಬಿಡಿ ಸ್ವಲ್ಪ ಅರ್ಥ ಆಗಬಹುದು. ಸ್ವಲ್ಪ ಮಾತ್ರ. ನಮಗೆ ಹಾಕೋಕೆ ಏನಾದ್ರೂ ಇರುತ್ತೆ.

ತಮ್ಮ ಆತ್ಮಕಥೆಯಲ್ಲಿ ಅವರು ಇನ್ನೊಂದು ವಿಷಯ ಹೇಳ್ತಾರೆ, ನನಗೆ ಅದು ತುಂಬ ಇಷ್ಟ. ಗುಲಾಮನನ್ನ ಕರೀತಿದ್ದಿದ್ದು ಬರೀ ಜಾನ್ ಅಂತ, ಅಥವಾ ಹ್ಯಾಚರ್ ಮನೆಯ ಜಾನ್ ಅಂತ. ಬಿಡುಗಡೆಯಾದ ಜಾನ್ ತನ್ನನ್ನ ಜಾನ್ ಎಸ್. ಲಿಂಕನ್ ಅಂತ ಕರೆದುಕೊಂಡ. ಆ ಎಸ್ ಅಂದ್ರೆ ಏನು? ಏನೂ ಇಲ್ಲ. ವಿಸ್ತರಣೆ ಇಲ್ಲದ ಇನಿಷಿಯಲ್. ಮರ್ಯಾದಸ್ಥರ ಹೆಸರಲ್ಲಿ ಇರುತ್ತೆ, ನನಗೂ ಇರಲಿ ಅಂತ. ನಮ್ಮ ಸಿಸ್ಟಂಗಳಲ್ಲಿ ಇದನ್ನ ವ್ಯಾಲಿಡೇಶನ್ ಎರರ್ ಅಂತ ತಳ್ಳಿಬಿಡ್ತೀವಿ.

ಈಗ ಒಬ್ಬ ಕಪ್ಪು ವಾಷಿಂಗ್ಟನ್ ತನ್ನ ವಂಶ ಹುಡುಕೋಕೆ ಹೊರಟ ಅಂದ್ಕೊಳ್ಳಿ. ಹಿಂದೆ ಹೋಗ್ತಾ ಹೋಗ್ತಾ 1870ರ ಜನಗಣತಿಗೆ ಬಂದು ನಿಲ್ತಾನೆ. ಬಿಡುಗಡೆಯಾದವರ ಹೆಸರು ಬರೆದ ಮೊದಲ ಗಣತಿ ಅದು. ಅದಕ್ಕೂ ಹಿಂದಿನ 1860, 1850ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರು ಇರುತ್ತೆ, ಅದರ ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರಿನ ಜಾಗ ಹೆಚ್ಚುಕಡಿಮೆ ಎಲ್ಲ ಕಡೆ ಖಾಲಿ. ಡೇಟಾಬೇಸ್‌ನಲ್ಲಿ ನಲ್ ಇದ್ರೆ ಮಾಹಿತಿ ಕಳೆದುಹೋಗಿದೆ ಅಂದ್ಕೊಳ್ತೀವಿ. ಇಲ್ಲಿ ಕಳೆದಿರಲಿಲ್ಲ. ಆ ಜನರಿಗೆ ಹೆಸರಿತ್ತು, ತಮ್ಮತಮ್ಮಲ್ಲಿ ಅಡ್ಡಹೆಸರೂ ಬಳಸ್ತಿದ್ರು. ಬರೆಯೋನು ಕೇಳಲಿಲ್ಲ.

ಬರೆದಿಟ್ಟ ಒಂದು ಅಪರೂಪದ ದಾಖಲೆ ಬ್ರಿಟಿಷರದ್ದು. ಗಾಂಬಿಯಾದಲ್ಲಿ ಹುಟ್ಟಿದ ಹ್ಯಾರಿ ಅನ್ನೋನನ್ನ ಜಾರ್ಜ್ 1763ರಲ್ಲಿ ಕೊಂಡಿದ್ದ. ಮೊದಲು ಜೌಗು ಬರಿದು ಮಾಡೋ ಕೆಲಸ, ಆಮೇಲೆ ಮೌಂಟ್ ವರ್ನನ್‌ನ ಕುದುರೆಲಾಯ. 1775ರಲ್ಲಿ, ದಂಗೆ ಎದ್ದವರ ಗುಲಾಮರು ನಮ್ಮ ಕಡೆ ಬಂದು ಸೇರಿದ್ರೆ ಸ್ವಾತಂತ್ರ್ಯ ಅಂತ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಘೋಷಿಸಿದ. ಹ್ಯಾರಿ ಮರುವರ್ಷ ಓಡಿಹೋಗಿ ಅವರ ಸೈನ್ಯ ಸೇರಿದ. ಬ್ರಿಟಿಷರು ಸೋತು 1783ರಲ್ಲಿ ನ್ಯೂಯಾರ್ಕ್ ಬಿಡುವಾಗ, ತಮ್ಮ ಜೊತೆ ಬಂದ ಸುಮಾರು 3,000 ಕಪ್ಪು ಜನರ ಹೆಸರು ಒಂದು ಪುಸ್ತಕದಲ್ಲಿ ಬರೆದ್ರು. ಅದರಲ್ಲಿ ಹ್ಯಾರಿ ವಾಷಿಂಗ್ಟನ್ ಅಂತ ಇದೆ, ವಯಸ್ಸು 43, ಏಳು ವರ್ಷದ ಹಿಂದೆ ಜನರಲ್ ವಾಷಿಂಗ್ಟನ್‌ನನ್ನ ಬಿಟ್ಟು ಬಂದವನು ಅನ್ನೋ ಷರಾ ಸಮೇತ.

ಹಡಗು ಅವನನ್ನ ಕೆನಡಾದ ನೋವಾ ಸ್ಕೋಶಿಯಾಗೆ ಕರ್ಕೊಂಡು ಹೋಯ್ತು. ಚಳಿ, ಬಂಡೆ ನೆಲ, ಹಸಿವು. 1792ರಲ್ಲಿ ಸುಮಾರು 1,200 ಕಪ್ಪು ಜನ 15 ಹಡಗುಗಳಲ್ಲಿ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೊರಟಾಗ ಅವನೂ ಹೊರಟ. ಅಲ್ಲಿ ಆಡಳಿತ ಒಂದು ಬ್ರಿಟಿಷ್ ಕಂಪನಿಯದ್ದು. ಜಮೀನು ಕೊಟ್ಟು, ಆಮೇಲೆ ಅದಕ್ಕೆ ಕಂದಾಯ ಹಾಕಿತು. ಜಾರ್ಜ್ ತೀರಿಕೊಂಡಿದ್ದು 1799ರ ಡಿಸೆಂಬರ್‌ನಲ್ಲಿ. ಮರುವರ್ಷ ಸಿಯೆರಾ ಲಿಯೋನ್‌ನಲ್ಲಿ ಕಂದಾಯ ಕೊಡಲ್ಲ, ನಮ್ಮ ಕಾನೂನು ನಾವೇ ಮಾಡ್ಕೋತೀವಿ ಅಂತ ದಂಗೆ ಎದ್ದವರಲ್ಲಿ ಒಬ್ಬ ಹ್ಯಾರಿ ವಾಷಿಂಗ್ಟನ್. ದಂಗೆ ಸೋತಿತು. ಅವನನ್ನ ಹೊಳೆಯ ಆಚೆ ಬುಲಮ್ ತೀರಕ್ಕೆ ಗಡೀಪಾರು ಮಾಡಿದ್ರು, ಅಲ್ಲಿ ಗಡೀಪಾರಾದವರಿಗೆ ಅವನೇ ಒಬ್ಬ ಮುಖಂಡನಾದ.