ಜೋಡಿ ಕೇಬಲ್‌ಗಳ ತಪಾಸಣೆ: ನಿವಾಸಿಗಳು ತಿಳಿದಿರಬೇಕಾದ ಸಂಗತಿಗಳು

(ಕಾಮೋಠೆಯ ಕನ್ನಡಿಗ ನಿವಾಸಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಿದ್ಯುತ್ ಇಂಜಿನಿಯರನಲ್ಲ. ಇಂಜಿನಿಯರರು ಬರೆದುದನ್ನು ಕನ್ನಡಕ್ಕೆ ತರುವ ಭಾಷಾಂತರಕಾರ. ಆದರೂ ಈ ವಿಷಯವನ್ನು ನಿಮ್ಮ ಮುಂದಿಡಲು ಒಪ್ಪಿಕೊಂಡುದಕ್ಕೆ ಒಂದು ಕಾರಣವಿದೆ. ಅದನ್ನು ಮುಂದೆ ಅರಿಕೆ ಮಾಡುತ್ತೇನೆ.

1970ರಲ್ಲಿ ಸ್ಥಾಪನೆಗೊಂಡ ಸಿಡ್ಕೋ ಸಂಸ್ಥೆಯು ರೂಪಿಸಿದ ನವಿ ಮುಂಬಯಿಯ ವಸತಿ ವಿಭಾಗಗಳಲ್ಲಿ ನಮ್ಮ ಕಾಮೋಠೆಯೂ ಒಂದು. 2016ರಿಂದ ಇದು ಪನವೇಲ್ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿದೆ. ಇಲ್ಲಿನ ಹಳೆಯ ಕಟ್ಟಡಗಳು ಎದ್ದಾಗ ಒಂದು ಮನೆಗೆ ಕೆಲವು ದೀಪ, ಎರಡು ಫ್ಯಾನು, ಒಂದು ಫ್ರಿಜ್ಜು ಎಂಬುದೇ ಲೆಕ್ಕವಾಗಿತ್ತು. ಇಂದು ಅದೇ ಮನೆಯಲ್ಲಿ ಹವಾನಿಯಂತ್ರಕ, ಗೀಸರು, ಇಂಡಕ್ಷನ್ ಒಲೆ ಸೇರಿವೆ. ಕೆಳಗಡೆ ವಿದ್ಯುತ್ ಸ್ಕೂಟರುಗಳು ಚಾರ್ಜ್ ಆಗುತ್ತಿವೆ. ಈ ಹೊರೆಯನ್ನು ಹೊರಲು ಹಲವೆಡೆ ಹಳೆಯ ಮುಖ್ಯ ಕೇಬಲಿನ ಪಕ್ಕದಲ್ಲಿ ಮತ್ತೊಂದನ್ನು ಎಳೆದು ಎರಡನ್ನೂ ಜೋಡಿಸಲಾಗಿದೆ.

ಇವುಗಳನ್ನು ಸಮಾಂತರ ಕೇಬಲ್‌ಗಳೆಂದು ನಾವು ಭಾಷಾಂತರಿಸುತ್ತೇವೆ. ಈ ಪದವು ಸ್ವಲ್ಪ ದಾರಿ ತಪ್ಪಿಸುತ್ತದೆ. ರೇಖಾಗಣಿತದ ಸಮಾಂತರ ರೇಖೆಗಳು ಎಂದಿಗೂ ಕೂಡುವುದಿಲ್ಲ. ಈ ಕೇಬಲ್‌ಗಳಾದರೋ ಎರಡು ತುದಿಗಳಲ್ಲಿಯೂ ಕೂಡಿರುತ್ತವೆ. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳೆಂದು ಭಾವಿಸುವುದು ಹೆಚ್ಚು ಸರಿ. ಎತ್ತುಗಳು ಸಮಬಲವಾಗಿದ್ದರೆ ಮಾತ್ರ ಹೊರೆ ಸಮವಾಗಿ ಹಂಚಿಹೋಗುತ್ತದೆ. ಆದುದರಿಂದ ಎರಡೂ ಕೇಬಲ್‌ಗಳು ಒಂದೇ ಲೋಹದವು, ಒಂದೇ ಗಾತ್ರದವು, ಒಂದೇ ಉದ್ದದವು ಆಗಿರಬೇಕು. ನಡುವೆ ಕವಲು ತೆಗೆದಿರಬಾರದು. ಒಂದು ಕೇಬಲಿನ ಉದ್ದ 20 ಮೀಟರ್, ಅದೇ ಗಾತ್ರದ ಇನ್ನೊಂದರದು 25 ಮೀಟರ್ ಇದ್ದರೆ, 270 ಆಂಪಿಯರ್ ಪ್ರವಾಹದಲ್ಲಿ ಮೊದಲನೆಯದು ಸುಮಾರು 150, ಎರಡನೆಯದು ಸುಮಾರು 120 ಆಂಪಿಯರ್ ಹೊರುತ್ತವೆ. ಗಿಡ್ಡ ಕೇಬಲ್ ತನ್ನ ಪಾಲಿಗಿಂತ ಹೆಚ್ಚು ದುಡಿಯುತ್ತದೆ.

ಇನ್ನು ಆ ಕಾರಣವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಕಟ್ಟಡದ ಸಮಿತಿಯಲ್ಲಿ ನಾನೂ ಇದ್ದೆ. ತಪಾಸಣೆಯ ಖರ್ಚಿನ ಪ್ರಸ್ತಾಪ ಬಂದಾಗ, “ದೀಪಗಳು ಉರಿಯುತ್ತಿವೆಯಲ್ಲ, ಮುಂದಿನ ವರ್ಷ ನೋಡೋಣ” ಎಂದವನು ನಾನೇ. ಆ ಮಳೆಗಾಲದಲ್ಲಿ ಒಂದು ಸಂಜೆ ಮೀಟರ್ ಕೋಣೆಯಿಂದ ಸುಟ್ಟ ವಾಸನೆ ಬರುತ್ತಿದೆಯೆಂದು ಕಾವಲುಗಾರ ಬಂದು ತಿಳಿಸಿದ. ಪರವಾನಗಿ ಪಡೆದ ಕೆಲಸಗಾರರು ಅಳೆದು ನೋಡಿದಾಗ ಒಂದು ಕೇಬಲಿನ ಒಂದು ಫೇಸಿನಲ್ಲಿ ಪ್ರವಾಹವೇ ಇರಲಿಲ್ಲ. ಅದರ ತುದಿಯ ಲಗ್ಗು ತುಕ್ಕು ಹಿಡಿದು ಸಡಿಲವಾಗಿತ್ತು. 100 ಆಂಪಿಯರ್ ಹೊರಬೇಕಾದ ಜೋಡಿ ಕೇಬಲ್ 140 ಆಂಪಿಯರ್ ಹೊರುತ್ತಿತ್ತು. ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಸುಮಾರು ಇಮ್ಮಡಿ ಬಿಸಿಯನ್ನು ಸಹಿಸುತ್ತಿತ್ತು. 200 ಆಂಪಿಯರಿನ ಮುಖ್ಯ ಬ್ರೇಕರು ಬೀಳಲಿಲ್ಲ. ಏಕೆಂದರೆ ಅದು ಒಟ್ಟು ಪ್ರವಾಹವನ್ನು ಬಲ್ಲದು, ಹಂಚಿಕೆಯನ್ನಲ್ಲ. ಯಾವ ಮನೆಯಲ್ಲಿಯೂ ದೀಪ ಮಂಕಾಗಿರಲಿಲ್ಲ. ಒಂದು ಎತ್ತು ಕುಸಿದರೂ ಬಂಡಿ ಸಾಗುತ್ತಲೇ ಇತ್ತು. ಆ ಕೋಣೆ ಇದ್ದುದು ನಮ್ಮೆಲ್ಲರ ಏಕೈಕ ಮೆಟ್ಟಿಲ ಬುಡದಲ್ಲಿ.

ಇಂತಹ ಸ್ಥಳದ ಬೆಂಕಿ ಏನು ಮಾಡಬಲ್ಲುದೆಂಬುದಕ್ಕೆ 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ನಡೆದ ದುರಂತವೇ ಸಾಕ್ಷಿ. ವಿದ್ಯುತ್ ಕೇಬಲ್‌ಗಳ ನಾಳದಲ್ಲಿ ಹೊತ್ತಿದ ಬೆಂಕಿಯ ಹೊಗೆ ಮಹಡಿಗಳನ್ನು ತುಂಬಿತು. ಒಂಬತ್ತು ಜನರು ಪ್ರಾಣ ಕಳೆದುಕೊಂಡರು.

ಹಾಗಾದರೆ ತಪಾಸಣೆ ಹೇಗಿರಬೇಕು? ಮೊದಲನೆಯದಾಗಿ, ಸಂಜೆ ಬಳಕೆ ಹೆಚ್ಚಿರುವಾಗ ಕ್ಲಾಂಪ್ ಮಾಪಕದಿಂದ ಪ್ರತಿಯೊಂದು ತಂತಿಯ ಪ್ರವಾಹವನ್ನು ಅಳೆದು, ಒಂದು ಕೇಬಲಿನ ಕೆಂಪು ಫೇಸನ್ನು ಇನ್ನೊಂದರ ಕೆಂಪು ಫೇಸಿನೊಡನೆ ಹೋಲಿಸಬೇಕು. ಇಡೀ ಕೇಬಲಿಗೆ ಮಾಪಕ ತೊಡಿಸಿದರೆ ಪ್ರವಾಹಗಳು ಪರಸ್ಪರ ರದ್ದಾಗಿ ಏನೂ ತಿಳಿಯುವುದಿಲ್ಲ. ನ್ಯೂಟ್ರಲ್ ತಂತಿಗಳನ್ನೂ ಮರೆಯಬಾರದು. ಅವೆರಡೂ ಕಡಿದುಹೋದರೆ ಕೆಲವು ಮನೆಗಳಲ್ಲಿ ವೋಲ್ಟೇಜು 230ನ್ನು ಮೀರಿ ಉಪಕರಣಗಳು ಸುಡುತ್ತವೆ.

ಎರಡನೆಯದಾಗಿ, ಸರಬರಾಜನ್ನು ಪೂರ್ಣವಾಗಿ ನಿಲ್ಲಿಸಿ, ಎರಡೂ ತುದಿಗಳನ್ನು ಬಿಡಿಸಿ, ಒಂದೊಂದೇ ಕೇಬಲನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಜೋಡಿಸಿರುವಂತೆಯೇ ಪರೀಕ್ಷಿಸಿದರೆ, ಕಡಿದ ತಂತಿಯ ದೋಷವನ್ನು ಗಟ್ಟಿಯಾಗಿರುವ ತಂತಿ ಮುಚ್ಚಿಬಿಡುತ್ತದೆ. ಅವಾಹಕ ಹೊದಿಕೆಯನ್ನು 500 ವೋಲ್ಟಿನ ಮೆಗ್ಗರಿನಿಂದ ಒಂದು ನಿಮಿಷ ಪರೀಕ್ಷಿಸಿದಾಗ ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಆ ಕೇಬಲನ್ನು ಮರಳಿ ಚಾಲನೆಗೊಳಿಸಬಾರದು.

ಮೂರನೆಯದಾಗಿ, ತುದಿಗಳ ಲಗ್ಗುಗಳನ್ನು ನೋಡಬೇಕು. ಖಾರಿಯ ಸಮೀಪದ ನಮ್ಮ ಉಪ್ಪುಗಾಳಿ ಮತ್ತು ಮಳೆಗಾಲದ ತೇವ ಲೋಹವನ್ನು ತಿನ್ನುತ್ತವೆ. ಅಲ್ಯೂಮಿನಿಯಂ ತಂತಿ ನೇರವಾಗಿ ತಾಮ್ರವನ್ನು ಮುಟ್ಟಿದೆಡೆಯಲ್ಲಿ ಈ ಸವೆತ ಇನ್ನೂ ಶೀಘ್ರ. ಅಲ್ಲಿ ದ್ವಿಲೋಹದ ಲಗ್ಗು ಬಳಸುವುದು ಅವಶ್ಯಕ.

ಈ ಕಾರ್ಯಗಳನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ನಿವಾಸಿಗಳು ಫಲಕವನ್ನು ತೆರೆಯಕೂಡದು. ನಮ್ಮ ಕರ್ತವ್ಯ ಬೇರೆಯದು: ಮೀಟರ್ ಕೋಣೆಯಲ್ಲಿ ಹಳೆಯ ಸಾಮಾನು ಇಡದಿರುವುದು, ವಾಸನೆಯನ್ನೂ ಬಿಸಿಯನ್ನೂ ಕಡೆಗಣಿಸದಿರುವುದು, ಮಳೆಗಾಲಕ್ಕೆ ಮುನ್ನ ತಪಾಸಣೆ ನಡೆಸಿ ಅಳತೆಗಳನ್ನು ಸೊಸೈಟಿಯ ದಫ್ತರದಲ್ಲಿ ಬರೆದಿಡುವುದು. ಕಳೆದ ವರ್ಷದ ಅಂಕಿಗಳಿದ್ದರೆ ಈ ವರ್ಷದ ವ್ಯತ್ಯಾಸ ತಾನಾಗಿ ಕಾಣುತ್ತದೆ.

ದೀಪ ಉರಿಯುತ್ತಿರುವುದು ಕೇಬಲ್ ಕ್ಷೇಮವಾಗಿದೆ ಎಂಬುದಕ್ಕೆ ಪ್ರಮಾಣವಲ್ಲ. ನಿಮ್ಮ ಸಮಿತಿಯ ಮುಂದಿನ ಸಭೆಯಲ್ಲಿ ಈ ಖರ್ಚಿನ ಪ್ರಸ್ತಾಪ ಬಂದಾಗ, ನಾನು ಅಂದು ಆಡಿದ ಮಾತನ್ನು ದಯವಿಟ್ಟು ಯಾರೂ ಆಡದಿರಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.